ಓದುಗರ ಪ್ರಶ್ನೆ: ರಷ್ಯನ್ನರು ಹೊರದೇಶದಲ್ಲಿ ನೆಲೆಸಬೇಕೆಂದರೆ ದಾರಿ ಯಾವುದು?

ರಷ್ಯನ್ ಸಹೋದ್ಯೋಗಿಗಳು, ಗೆಳೆಯರು, ಸಂಗಾತಿಗಳು ಇರುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವನ್ನು ಇಲ್ಲಿ ಉತ್ತರಿಸಿದ್ದೇವೆ. ವೀಸಾ ನಿಯಮಗಳ ಮೊತ್ತ, ಗಡುವುಗಳು ಬೇಗ ಬದಲಾಗುವುದರಿಂದ, ಬೇಕಾದ ಕಡೆ ಯಾವ ವರ್ಷದ ಲೆಕ್ಕ ಎಂಬುದನ್ನೂ ಸೇರಿಸಿದೆ.

ಪ್ರಶ್ನೆ: ನಮ್ಮ ಸಂಸ್ಥೆಗೆ ಕೆಲಸ ಮಾಡುವ ರಷ್ಯನ್ ಪ್ರೋಗ್ರಾಮರ್ ಒಬ್ಬರು ಜಾರ್ಜಿಯಾದಲ್ಲಿದ್ದಾರೆ. ವರ್ಷಕ್ಕೊಮ್ಮೆ ಗಡಿ ದಾಟಿ ವಾಪಸ್ ಬಂದರೆ ಸಾಕು, ವಾಸ ಪರವಾನಗಿ ಬೇಕಿಲ್ಲ ಎನ್ನುತ್ತಾರೆ. ಇದು ಸರಿಯೇ?

ಸದ್ಯಕ್ಕೆ ನಡೆಯುತ್ತದೆ, ಆದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಜಾರ್ಜಿಯಾ ರಷ್ಯನ್ನರಿಗೆ ವೀಸಾ ಇಲ್ಲದೆ ಒಂದು ವರ್ಷ ಇರಲು ಬಿಡುತ್ತದೆ. ಹೊರಗೆ ಹೋಗಿ ಬಂದರೆ ಆ ವರ್ಷ ಹೊಸದಾಗಿ ಶುರುವಾಗುತ್ತದೆ. ಆದರೆ ಗಡಿಯಲ್ಲಿ ಅಧಿಕಾರಿ ಕಾರಣ ಹೇಳದೆ ವಾಪಸ್ ಕಳಿಸಬಹುದು. ಹಾಗಾದ ದಿನ ಬಾಡಿಗೆ ಮನೆ, ಸಾಮಾನು, ಬ್ಯಾಂಕ್ ಖಾತೆ ಎಲ್ಲವೂ ಗಡಿಯ ಆಚೆ ಉಳಿಯುತ್ತದೆ, ಮನುಷ್ಯ ಈಚೆ. ವಾಸ ಪರವಾನಗಿ ಇದ್ದವರ ವಿಷಯದಲ್ಲಿ ಹೀಗಾಗುವುದು ತೀರ ಕಡಿಮೆ.

ಅಲ್ಲಿನ ಇನ್ನೊಂದು ಗೊಂದಲ ತೆರಿಗೆಯದು. ವೈಯಕ್ತಿಕ ಉದ್ಯಮಿಯಾಗಿ ನೋಂದಾಯಿಸಿ ‘ಸಣ್ಣ ಉದ್ಯಮ’ದ ಸ್ಥಾನಮಾನ ಪಡೆದರೆ ವರ್ಷಕ್ಕೆ 5 ಲಕ್ಷ ಲಾರಿ (ಜಾರ್ಜಿಯಾದ ಹಣ) ವರೆಗಿನ ವಹಿವಾಟಿಗೆ ಕೇವಲ 1% ತೆರಿಗೆ. ಇದು ತೆರಿಗೆಯ ಸವಲತ್ತು ಮಾತ್ರ, ವಾಸದ ಹಕ್ಕಲ್ಲ. ಸಲಹಾ ಸೇವೆಗೆ ಈ ಸವಲತ್ತೂ ಇಲ್ಲ. ಆದ್ದರಿಂದ ನಿಮ್ಮ ಒಪ್ಪಂದದಲ್ಲಿ, ಇನ್‌ವಾಯ್ಸ್‌ನಲ್ಲಿ ‘ಕನ್ಸಲ್ಟಿಂಗ್’ ಎಂದು ಬರೆದಿದ್ದರೆ ಅವರಿಗೆ ತೊಂದರೆ ಮಾಡುತ್ತಿರುವವರು ನೀವೇ. ಅವರು ನಿಜವಾಗಿ ಮಾಡುವ ಕೆಲಸ ಸಾಫ್ಟ್‌ವೇರ್ ಅಭಿವೃದ್ಧಿಯಾದರೆ ಹಾಗೆಂದೇ ಬರೆಯಿರಿ. 2026ರ ಮಾರ್ಚ್ 1ರಿಂದ ಸ್ವಂತ ಉದ್ಯೋಗದ ವಿದೇಶಿಯರಿಗೂ ಅಲ್ಲಿ ಕೆಲಸದ ಪರವಾನಗಿ ಬೇಕು. ‘ವರ್ಷಕ್ಕೊಮ್ಮೆ ಗಡಿ ದಾಟಿದರಾಯಿತು’ ಎಂಬ ಲೆಕ್ಕಾಚಾರಕ್ಕೆ ಅಲ್ಲಿಂದಲೇ ಪೆಟ್ಟು ಬಿದ್ದಿದೆ.

ಅಕ್ಕಪಕ್ಕದ ದೇಶಗಳಲ್ಲೂ ವೀಸಾರಹಿತ ವಾಸದ ಬಾಗಿಲು ಕಿರಿದಾಗುತ್ತಿದೆ. ಕಜಕಸ್ತಾನದಲ್ಲಿ ಮೊದಲು 90 ದಿನ ಮುಗಿಯುವಾಗ ಗಡಿ ದಾಟಿ ಬಂದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು. 2023ರ ಜನವರಿ 27ರಿಂದ ಪ್ರತಿ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ. ಅರ್ಮೇನಿಯಾದಲ್ಲಿ ವರ್ಷಕ್ಕೆ 180 ದಿನ. ಆದರೆ ಈ ಎರಡೂ ದೇಶಗಳು ರಷ್ಯಾದಂತೆಯೇ ಯುರೇಷಿಯನ್ ಆರ್ಥಿಕ ಒಕ್ಕೂಟದ ಸದಸ್ಯರು. ಸ್ಥಳೀಯ ಕಂಪನಿಯೊಂದರ ಉದ್ಯೋಗ ಒಪ್ಪಂದ ಸಿಕ್ಕರೆ ಕೆಲಸದ ಪರವಾನಗಿ ಬೇಕಿಲ್ಲ. ಒಪ್ಪಂದ ಇರುವಷ್ಟು ಕಾಲ ಅವರೂ ಕುಟುಂಬವೂ ಅಲ್ಲಿ ಇರಬಹುದು. ದೂರದ ಕಂಪನಿಗೆ ದುಡಿಯುವವರಿಗೆ ಈ ದಾರಿ ತೆರೆಯುವುದಿಲ್ಲ, ಅದೇ ಅದರ ಕೊರತೆ.

ಪ್ರಶ್ನೆ: ಸೆರ್ಬಿಯಾ ಸುಲಭ ಎಂದು ಕೇಳಿದ್ದೇವೆ. ಎಷ್ಟು ಸುಲಭ?

ಯುರೋಪಿನ ನೆಲದಲ್ಲಿ, ಐರೋಪ್ಯ ಒಕ್ಕೂಟದ ಹೊರಗೆ, ರಷ್ಯನ್ನರಿಗೆ ಇದಕ್ಕಿಂತ ಸರಳವಾದದ್ದು ಹೆಚ್ಚಿಲ್ಲ. ವೀಸಾ ಇಲ್ಲದೆ 30 ದಿನ. ಅಷ್ಟರಲ್ಲಿ ಪರವಾನಗಿಗೆ ಒಂದು ಆಧಾರ ತೋರಿಸಬೇಕು: ಸ್ವಂತ ಕಂಪನಿ, ವೈಯಕ್ತಿಕ ಉದ್ಯಮದ ನೋಂದಣಿ, ಉದ್ಯೋಗ, ಓದು ಅಥವಾ ಆಸ್ತಿ. ಆಸ್ತಿಗೆ ಕಾನೂನಿನಲ್ಲಿ ಕನಿಷ್ಠ ಬೆಲೆ ಇಲ್ಲ. 2024ರ ಫೆಬ್ರುವರಿ 1ರಿಂದ ವಾಸ ಮತ್ತು ಕೆಲಸಕ್ಕೆ ಒಂದೇ ಪರವಾನಗಿ, 3 ವರ್ಷದವರೆಗೆ ಕೊಡುತ್ತಾರೆ. ಕಾಯಂ ವಾಸಕ್ಕೆ ಅರ್ಜಿ ಹಾಕಲು ಬೇಕಿದ್ದ 5 ವರ್ಷವೂ 3ಕ್ಕೆ ಇಳಿಯಿತು.

ಎಡವುವ ಜಾಗಗಳು ಎರಡು. ಮೊದಲನೆಯದು ‘ಬೆಲಿ ಕಾರ್ಟನ್’, ಅಂದರೆ ವಿಳಾಸ ನೋಂದಣಿಯ ಬಿಳಿ ಚೀಟಿ. ದೇಶಕ್ಕೆ ಬಂದ 24 ಗಂಟೆಯೊಳಗೆ ಮಾಡಿಸಬೇಕು. ಹೋಟೆಲಾದರೆ ಅವರೇ ಮಾಡುತ್ತಾರೆ, ಬಾಡಿಗೆ ಮನೆಯಾದರೆ ಮಾಲೀಕರು ಮಾಡಬೇಕು. ತೆರಿಗೆಯ ಕಣ್ಣು ತಪ್ಪಿಸಿ ಬಾಡಿಗೆಗೆ ಕೊಟ್ಟಿರುವ ಮಾಲೀಕರು ಇದಕ್ಕೆ ಒಪ್ಪುವುದಿಲ್ಲ. ಮುಂಗಡ ಕೊಡುವ ಮೊದಲೇ ‘ನೋಂದಣಿ ಮಾಡಿಸುತ್ತೀರಾ?’ ಎಂದು ಕೇಳಿಕೊಳ್ಳಬೇಕು. ಎರಡನೆಯದು ಮನೆ ಖರೀದಿ. ನೋಂದಣಿ ಇಲ್ಲದೆ ಕಟ್ಟಿದ ಮನೆಗಳು ಅಲ್ಲಿ ಬಹಳ. ಭೂದಾಖಲೆಯಲ್ಲಿ, ಅಂದರೆ ಕಟಾಸ್ಟರ್‌ನಲ್ಲಿ, ಕಟ್ಟಡ ಸರಿಯಾಗಿ ದಾಖಲಾಗಿಲ್ಲದಿದ್ದರೆ ಕ್ರಯಪತ್ರ ಕೈಯಲ್ಲಿದ್ದರೂ ಪರವಾನಗಿಗೆ ಆಧಾರ ಸಿಗದು.

ಪ್ರಶ್ನೆ: ಸ್ಪೇನಿನ ‘ಡಿಜಿಟಲ್ ನೊಮ್ಯಾಡ್’ ಪರವಾನಗಿಗೆ ನಮ್ಮ ಗುತ್ತಿಗೆದಾರರೊಬ್ಬರು ಅರ್ಜಿ ಹಾಕಬೇಕೆಂದಿದ್ದಾರೆ. ಕಂಪನಿಯಿಂದ ನಾವು ಏನೇನು ಕೊಡಬೇಕು? ಎಲ್ಲಿ ಅರ್ಜಿ ಬೀಳುತ್ತದೆ?

ಇದು ಹೊರದೇಶದ ಕಂಪನಿಗೆ ದೂರದಿಂದ ದುಡಿಯುವವರಿಗೆ ಕೊಡುವ ವಾಸ ಪರವಾನಗಿ. 2022ರ ಸ್ಟಾರ್ಟಪ್ ಕಾನೂನಿನಿಂದ ಬಂದದ್ದು, 2023ರಿಂದ ಜಾರಿಯಲ್ಲಿದೆ. ಎರಡು ಬಾಗಿಲುಗಳಿವೆ. ದೂತಾವಾಸದಲ್ಲಿ ಅರ್ಜಿ ಹಾಕಿದರೆ ಒಂದು ವರ್ಷದ ವೀಸಾ. ಪ್ರವಾಸಿ ವೀಸಾದಲ್ಲಿ ಕಾನೂನುಬದ್ಧವಾಗಿ ಸ್ಪೇನಿನೊಳಗೆ ಇದ್ದುಕೊಂಡೇ ದೊಡ್ಡ ಉದ್ಯಮಗಳ ಘಟಕಕ್ಕೆ (ಯು.ಜಿ.ಇ. ಎಂದು ಕರೆಯುತ್ತಾರೆ) ಆನ್‌ಲೈನಿನಲ್ಲಿ ಸಲ್ಲಿಸಿದರೆ ನೇರವಾಗಿ 3 ವರ್ಷದ ಪರವಾನಗಿ. 20 ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆಯಾಯಿತೆಂದೇ ಕಾನೂನು ಎಣಿಸುತ್ತದೆ. ಎರಡನೆಯ ದಾರಿಯೇ ಉತ್ತಮ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಮೊದಲು ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಪ್ರವಾಸಿ ವೀಸಾ) ಕೈಯಲ್ಲಿರಬೇಕು, ಮತ್ತು ಅದರಲ್ಲಿ ಉಳಿದ ದಿನಗಳು ಮುಗಿಯುವ ಮೊದಲೇ ಅರ್ಜಿ ಒಳಗೆ ಹೋಗಿರಬೇಕು.

ಕಂಪನಿ ಕೊಡಬೇಕಾದದ್ದು: ಕಂಪನಿ ಕನಿಷ್ಠ ಒಂದು ವರ್ಷದಿಂದ ನಡೆಯುತ್ತಿದೆ ಎಂಬುದಕ್ಕೆ ನೋಂದಣಿ ದಾಖಲೆ, ಅರ್ಜಿದಾರರ ಜೊತೆ ಕನಿಷ್ಠ 3 ತಿಂಗಳಿನಿಂದ ಕೆಲಸದ ಸಂಬಂಧ ಇದೆ ಎಂಬುದಕ್ಕೆ ಒಪ್ಪಂದ, ಮತ್ತು ಒಂದು ಪತ್ರ. ಹೆಚ್ಚಿನವರು ಜಾರುವುದು ಈ ಪತ್ರದಲ್ಲಿಯೇ. ‘ಇವರು ನಮ್ಮಲ್ಲಿ ಕೆಲಸ ಮಾಡುತ್ತಾರೆ’ ಎಂದಷ್ಟೇ ಬರೆದರೆ ಸಾಲದು. ಹುದ್ದೆ, ಸಂಭಾವನೆಯ ಮೊತ್ತ, ಕೆಲಸವನ್ನು ದೂರದಿಂದ ಮಾಡಬಹುದು ಎಂಬ ಮಾತು, ಸ್ಪೇನಿನಿಂದಲೇ ಮಾಡಲು ಸ್ಪಷ್ಟ ಅನುಮತಿ, ಎಲ್ಲವೂ ಒಂದೇ ಪತ್ರದಲ್ಲಿರಲಿ. ಒಪ್ಪಂದದಲ್ಲಿ ಒಂದು ಮೊತ್ತ, ಪತ್ರದಲ್ಲಿ ಇನ್ನೊಂದು, ಬ್ಯಾಂಕಿಗೆ ಬಂದದ್ದು ಮತ್ತೊಂದು ಎಂದಾದರೆ ಹೆಚ್ಚುವರಿ ದಾಖಲೆ ಕೇಳುವ ಪತ್ರ ಬರುತ್ತದೆ. ಅದಕ್ಕೆ ಉತ್ತರಿಸಲು ಸಿಗುವುದು 10 ಕೆಲಸದ ದಿನ.

ಆದಾಯದ ಮಟ್ಟ ಸ್ಪೇನಿನ ಕನಿಷ್ಠ ವೇತನದ ಎರಡರಷ್ಟು. 2025ರ ಕನಿಷ್ಠ ವೇತನ 1,184 ಯೂರೊ, ವರ್ಷಕ್ಕೆ 14 ಕಂತು. ಅದನ್ನು 12 ತಿಂಗಳಿಗೆ ಹಂಚಿ ಎರಡರಿಂದ ಗುಣಿಸಿದರೆ ತಿಂಗಳಿಗೆ ಸುಮಾರು 2,763 ಯೂರೊ. ಸಂಗಾತಿ ಜೊತೆಗಿದ್ದರೆ ಕನಿಷ್ಠ ವೇತನದ 75%, ಆಮೇಲಿನ ಪ್ರತಿಯೊಬ್ಬರಿಗೂ 25% ಸೇರಿಸಿಕೊಳ್ಳಬೇಕು. 12 ಕಂತಿನ ಲೆಕ್ಕದಲ್ಲಿ 1,184ರ ಎರಡರಷ್ಟು ಎಂದು 2,368 ತೋರಿಸಿ ಕೈಸುಟ್ಟುಕೊಂಡವರು ಇದ್ದಾರೆ. ಪದವಿ ಇಲ್ಲವೇ ಅದೇ ಕೆಲಸದಲ್ಲಿ 3 ವರ್ಷದ ಅನುಭವ, ಎರಡರಲ್ಲಿ ಒಂದು ಬೇಕು. ಗುತ್ತಿಗೆದಾರರಾದರೆ ಸ್ಪೇನಿನ ಗ್ರಾಹಕರಿಗೂ ಕೆಲಸ ಮಾಡಬಹುದು, ಒಟ್ಟು ಕೆಲಸದ 20% ಮೀರದಂತೆ.

ರಷ್ಯನ್ ಕಂಪನಿಯಲ್ಲಿ ಸಂಬಳಕ್ಕಿರುವವರಿಗೆ ಇದು ಕಷ್ಟದ ದಾರಿ. ಸಾಮಾಜಿಕ ವಿಮೆ ತಾಯ್ನಾಡಿನಲ್ಲೇ ಮುಂದುವರಿಯುತ್ತದೆ ಎಂಬ ಪ್ರಮಾಣಪತ್ರವನ್ನು ಸ್ಪೇನ್ ಕೇಳುತ್ತದೆ, ರಷ್ಯಾದ ಕಡೆಯಿಂದ ದೂರದ ಕೆಲಸಕ್ಕೆ ಅದನ್ನು ಪಡೆಯುವುದು ದುಸ್ತರ. ಹಾಗಾಗಿ ಹೆಚ್ಚಿನವರು ರಷ್ಯಾದಾಚೆಯ ಕಂಪನಿಯ ಗುತ್ತಿಗೆದಾರರಾಗಿಯೇ ಹೋಗುತ್ತಾರೆ, ಒಪ್ಪಿಗೆಯಾದ ಮೇಲೆ ಸ್ಪೇನಿನಲ್ಲಿ ‘ಆಟೊನೊಮೊ’ (ಸ್ವಂತ ಉದ್ಯೋಗಿ) ಆಗಿ ನೋಂದಾಯಿಸುತ್ತೇವೆಂದು ಬರೆದುಕೊಡುತ್ತಾರೆ. ನಿಮ್ಮ ಗುತ್ತಿಗೆದಾರರಿಗೆ ಇದೇ ಸರಿ.

ಒಂದು ಸಣ್ಣ ಕಾಗದ ಮರೆಯುವಂತಿಲ್ಲ. ಅವರು ಸ್ಪೇನಿಗೆ ನೇರವಾಗಿ ಇಳಿಯದೆ ಇಟಲಿಯಲ್ಲೋ ಫ್ರಾನ್ಸಿನಲ್ಲೋ ಗಡಿ ತಪಾಸಣೆ ಮುಗಿಸಿಕೊಂಡು ಬಂದರೆ, ಸ್ಪೇನಿಗೆ ಬಂದ 3 ಕೆಲಸದ ದಿನಗಳೊಳಗೆ ಪೊಲೀಸ್ ಠಾಣೆಯಲ್ಲಿ ಪ್ರವೇಶ ಘೋಷಣೆ ಮಾಡಿಸಬೇಕು. ಇಲ್ಲದಿದ್ದರೆ ಸ್ಪೇನಿನಲ್ಲಿ ಕಾನೂನುಬದ್ಧವಾಗಿ ಇದ್ದೇನೆ ಎಂಬುದಕ್ಕೆ ಪುರಾವೆಯೇ ಇರುವುದಿಲ್ಲ. ಒಪ್ಪಿಗೆಯ ನಂತರ ಬೆರಳಚ್ಚು ಕೊಟ್ಟು ವಾಸದ ಕಾರ್ಡ್ ಮಾಡಿಸಬೇಕು. ದೊಡ್ಡ ನಗರಗಳಲ್ಲಿ ಅದರ ಸಮಯ ಕಾಯ್ದಿರಿಸುವುದೇ ಅರ್ಜಿಗಿಂತ ದೊಡ್ಡ ತಲೆನೋವು. ಕಡಿಮೆ ತೆರಿಗೆಯ ವಿಶೇಷ ವ್ಯವಸ್ಥೆ (6 ಲಕ್ಷ ಯೂರೊವರೆಗೆ 24%) ಬೇಕೆಂದರೆ ಸಾಮಾಜಿಕ ವಿಮೆಗೆ ಸೇರಿದ ದಿನದಿಂದ 6 ತಿಂಗಳೊಳಗೆ ಕೇಳಬೇಕು. ಗಡುವು ತಪ್ಪಿದರೆ ಮತ್ತೆ ಅವಕಾಶವಿಲ್ಲ.

ಪ್ರಶ್ನೆ: ಕೆಲಸವೇ ಇಲ್ಲದೆ, ಉಳಿತಾಯದ ಮೇಲೆ ಸ್ಪೇನಿಗೆ ಹೋಗಬಹುದೇ? ಮನೆ ಕೊಂಡರೆ?

ಮನೆ ಕೊಂಡವರಿಗೆ ಕೊಡುತ್ತಿದ್ದ ‘ಗೋಲ್ಡನ್ ವೀಸಾ’ 2025ರ ಏಪ್ರಿಲ್ 3ರಿಂದ ರದ್ದಾಗಿದೆ. ಈಗಲೂ ಅದನ್ನು ಮಾರುವ ಏಜೆಂಟರು ಸಿಕ್ಕರೆ ದೂರವಿರಿ. ಉಳಿತಾಯ ಅಥವಾ ಬಾಡಿಗೆ, ಪಿಂಚಣಿಯಂಥ ಆದಾಯ ಇರುವವರಿಗೆ ದುಡಿಮೆಯಿಲ್ಲದ ವಾಸದ ವೀಸಾ ಇದೆ: ಒಬ್ಬರಿಗೆ ವರ್ಷಕ್ಕೆ 28,800 ಯೂರೊ, ಅವಲಂಬಿತರು ಒಬ್ಬೊಬ್ಬರಿಗೆ 7,200 ಯೂರೊ ಹೆಚ್ಚು (2025ರ ಲೆಕ್ಕ). ಇದನ್ನು ಸ್ಪೇನಿನ ಒಳಗಿದ್ದು ಕೇಳುವಂತಿಲ್ಲ, ದೂತಾವಾಸದಲ್ಲಿಯೇ ಹಾಕಬೇಕು. ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ದೂರದ ಸಂಬಳದ ಚೀಟಿಗಳನ್ನು ಆದಾಯವೆಂದು ಲಗತ್ತಿಸಿದರೆ ಅದೇ ಕಾರಣಕ್ಕೆ ತಿರಸ್ಕರಿಸುತ್ತಾರೆ.

ಪ್ರಶ್ನೆ: ರಷ್ಯನ್ ಪಾಸ್‌ಪೋರ್ಟ್‌ಗಳಲ್ಲಿ ಎರಡು ಬಗೆ ಎನ್ನುತ್ತಾರೆ. ವೀಸಾಕ್ಕೂ ಅದಕ್ಕೂ ಸಂಬಂಧವಿದೆಯೇ?

ತುಂಬಾ ಇದೆ. ಎಲ್ಲ ಅರ್ಜಿಗೂ ಮೊದಲು ನೋಡಬೇಕಾದದ್ದೇ ಇದು. ವಿದೇಶ ಪ್ರಯಾಣದ ಪಾಸ್‌ಪೋರ್ಟ್‌ನಲ್ಲಿ 5 ವರ್ಷದ್ದು ಚಿಪ್ ಇಲ್ಲದ್ದು, 10 ವರ್ಷದ್ದು ಚಿಪ್ ಇರುವ ಬಯೊಮೆಟ್ರಿಕ್. ಚಿಪ್ ಇಲ್ಲದ್ದನ್ನು ಡೆನ್ಮಾರ್ಕ್, ಎಸ್ಟೋನಿಯಾ, ಜೆಕ್ ಗಣರಾಜ್ಯ, ಐಸ್‌ಲ್ಯಾಂಡ್, ರೊಮೇನಿಯಾ, ಫ್ರಾನ್ಸ್ ಮಾನ್ಯ ಮಾಡುವುದಿಲ್ಲ. 2026ರಿಂದ ಜರ್ಮನಿಯೂ ಆ ಸಾಲಿಗೆ ಸೇರಿದೆ. ಅಗ್ಗ ಎಂದು, ಬೇಗ ಸಿಗುತ್ತದೆ ಎಂದು 5 ವರ್ಷದ್ದನ್ನು ಮಾಡಿಸಿಕೊಂಡವರು ಈಗ ಪೇಚಾಡುತ್ತಿದ್ದಾರೆ. ರಷ್ಯನ್ ನಾಗರಿಕರು ಏಕಕಾಲಕ್ಕೆ ಎರಡು ವಿದೇಶ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು, ಎರಡನೆಯದು ಚಿಪ್ ಇರುವುದಾಗಿರಬೇಕು. ಒಂದು ದೂತಾವಾಸದಲ್ಲಿ ವಾರಗಟ್ಟಲೆ ಕುಳಿತಿದ್ದರೂ ಇನ್ನೊಂದು ಕೈಯಲ್ಲಿರುತ್ತದೆ. ರಷ್ಯಾದಲ್ಲಿ ಇರುವಾಗಲೇ ಮಾಡಿಸಿಕೊಳ್ಳುವುದು ಜಾಣತನ, ಏಕೆಂದರೆ ಹೊರದೇಶದ ದೂತಾವಾಸದ ಮೂಲಕವಾದರೆ 3 ತಿಂಗಳು ಹಿಡಿಯುತ್ತದೆ, ಸರದಿಯ ಕಾಯುವಿಕೆ ಬೇರೆ.

ಹೊಸ ಪಾಸ್‌ಪೋರ್ಟ್‌ನಲ್ಲಿ ಹೆಸರಿನ ಲ್ಯಾಟಿನ್ ಕಾಗುಣಿತವನ್ನು ಹಳೆಯದರ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಲಿಪ್ಯಂತರದ ನಿಯಮ ಬದಲಾದ್ದರಿಂದ, ಹಿಂದೆ ‘ವೈ’ ಅಕ್ಷರದಿಂದ ಶುರುವಾಗುತ್ತಿದ್ದ ಯೂಲಿಯಾ ಈಗ ‘ಐ’ ಅಕ್ಷರದಿಂದ ಶುರುವಾಗುತ್ತಾಳೆ. ಒಪ್ಪಂದ, ಬ್ಯಾಂಕ್ ಖಾತೆ, ಹಳೆಯ ವಾಸದ ಕಾರ್ಡ್ ಎಲ್ಲ ಒಂದು ಕಾಗುಣಿತದಲ್ಲಿ, ಪಾಸ್‌ಪೋರ್ಟ್ ಇನ್ನೊಂದರಲ್ಲಿ ಇದ್ದರೆ ‘ಇವರಿಬ್ಬರೂ ಒಬ್ಬರೇ’ ಎಂದು ಸಾಬೀತು ಮಾಡುತ್ತ ಕೂರಬೇಕಾಗುತ್ತದೆ. ಹಳೆಯ ಕಾಗುಣಿತವೇ ಬೇಕೆಂದು ಪಾಸ್‌ಪೋರ್ಟ್ ಅರ್ಜಿಯ ಜೊತೆಗೇ ಲಿಖಿತವಾಗಿ, ಹಳೆಯ ದಾಖಲೆ ತೋರಿಸಿ ಕೇಳಬಹುದು.

ಮಕ್ಕಳಿರುವವರಿಗೆ ಒಂದು ಮಾತು: 2025ರ ಜನವರಿ 20ರಿಂದ 14 ವರ್ಷದೊಳಗಿನ ಮಕ್ಕಳು ಬರೀ ಜನನ ಪ್ರಮಾಣಪತ್ರದ ಮೇಲೆ ರಷ್ಯಾ ಬಿಟ್ಟು ಹೊರಡುವಂತಿಲ್ಲ. ದೊಡ್ಡವರು ದೇಶದೊಳಗಿನ ಗುರುತಿನ ಪಾಸ್‌ಪೋರ್ಟ್ ತೋರಿಸಿ ಕಜಕಸ್ತಾನಕ್ಕೆ ಹೋಗಬಹುದು, ಮಗುವಿಗೆ ಮಾತ್ರ ವಿದೇಶ ಪಾಸ್‌ಪೋರ್ಟ್ ಬೇಕು.

ಪ್ರಶ್ನೆ: ಪೊಲೀಸ್ ಪ್ರಮಾಣಪತ್ರ, ಅಪೊಸ್ಟಿಲ್ ಇತ್ಯಾದಿ ಎಲ್ಲಿ, ಯಾವ ಕ್ರಮದಲ್ಲಿ ಮಾಡಿಸಬೇಕು?

ಬೇಗ ಹಳತಾಗುವುದನ್ನು ಕೊನೆಗೆ ಮಾಡಿಸಿ. ಜನನ, ವಿವಾಹ ಪ್ರಮಾಣಪತ್ರ ಮತ್ತು ಪದವಿಯ ಅಪೊಸ್ಟಿಲ್ (ದಾಖಲೆ ಅಸಲಿ ಎಂದು ಹೊರದೇಶಗಳಿಗೆ ದೃಢೀಕರಿಸುವ ಮುದ್ರೆ) ಮೊದಲು. ಅಪರಾಧ ದಾಖಲೆ ಇಲ್ಲವೆಂಬ ಪ್ರಮಾಣಪತ್ರ ಕೊನೆಗೆ, ಏಕೆಂದರೆ ಬಹಳಷ್ಟು ದೇಶಗಳು 3ರಿಂದ 6 ತಿಂಗಳಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ಅದನ್ನು ಆಂತರಿಕ ವ್ಯವಹಾರಗಳ ಸಚಿವಾಲಯ ಕೊಡುತ್ತದೆ, ಸರ್ಕಾರಿ ಸೇವೆಗಳ ‘ಗೊಸುಸ್ಲುಗಿ’ ಪೋರ್ಟಲ್ ಮೂಲಕ ಕೇಳಬಹುದು, 30 ದಿನ ಹಿಡಿಯಬಹುದು. ಪೋರ್ಟಲ್‌ನಲ್ಲಿ ಡಿಜಿಟಲ್ ಸಹಿಯ ಕಡತ ಬೇಗ ಬರುತ್ತದೆ, ಆದರೆ ಅಪೊಸ್ಟಿಲ್ ಹಾಕಿಸಲು ಕಾಗದದ ಪ್ರತಿ ಬೇಕು. ಅರ್ಜಿಯಲ್ಲಿ ಆ ಆಯ್ಕೆಯನ್ನೇ ಗುರುತಿಸಿ.

ರಷ್ಯಾದಲ್ಲಿ ಎಲ್ಲಕ್ಕೂ ಒಂದೇ ಕಚೇರಿ ಅಪೊಸ್ಟಿಲ್ ಹಾಕುವುದಿಲ್ಲ. ಜನನ ಮತ್ತು ವಿವಾಹಕ್ಕೆ ‘ಝಾಗ್ಸ್’ ನೋಂದಣಿ ಕಚೇರಿ, ಪೊಲೀಸ್ ಪ್ರಮಾಣಪತ್ರಕ್ಕೆ ಅದನ್ನು ಕೊಟ್ಟ ಸಚಿವಾಲಯವೇ, ಪದವಿಗೆ ಪ್ರಾದೇಶಿಕ ಶಿಕ್ಷಣ ಇಲಾಖೆ, ನೋಟರಿ ದೃಢೀಕರಿಸಿದ ಪ್ರತಿಗೆ ನ್ಯಾಯ ಸಚಿವಾಲಯ. ಸೋವಿಯತ್ ಕಾಲದ ಹಸಿರು ರಟ್ಟಿನ ಜನನ ಪುಸ್ತಿಕೆ ಇರುವವರು ಮೊದಲು ಹೊಸ ನಮೂನೆಯ ಮರುಪ್ರಮಾಣಪತ್ರ ಪಡೆದು ಅದಕ್ಕೆ ಅಪೊಸ್ಟಿಲ್ ಹಾಕಿಸಬೇಕು. ಸೆರ್ಬಿಯಾಕ್ಕೆ, ಕಜಕಸ್ತಾನ ಮತ್ತು ಅರ್ಮೇನಿಯಾಗಳಿಗೆ ಹೋಗುವವರಿಗೆ ಕಾನೂನು ನೆರವಿನ ಒಪ್ಪಂದಗಳ ಕಾರಣ ಅಪೊಸ್ಟಿಲ್ ಬೇಕಿಲ್ಲ, ಅನುವಾದ ಸಾಕು. ಅನುವಾದವನ್ನು ಹೋಗುವ ದೇಶದ ಅಧಿಕೃತ ಅನುವಾದಕರಿಂದಲೇ ಮಾಡಿಸಿ. ಸ್ಪೇನಿನ ಕಚೇರಿಗಳು ಮಾಸ್ಕೋದ ನೋಟರಿ ಮೊಹರಿನ ಅನುವಾದವನ್ನು ಒಪ್ಪುವುದಿಲ್ಲ. ಅಪೊಸ್ಟಿಲ್ ಬಿದ್ದ ಮೇಲೆಯೇ ಅನುವಾದ, ಏಕೆಂದರೆ ಅಪೊಸ್ಟಿಲ್‌ನ ಪಠ್ಯವೂ ಅನುವಾದವಾಗಬೇಕು.

ಪ್ರಶ್ನೆ: ಟರ್ಕಿಯಲ್ಲಿ ಫ್ಲಾಟ್ ಕೊಂಡರೆ ವಾಸ ಪರವಾನಗಿ ಖಚಿತವೇ?

ಖಚಿತವಲ್ಲ, ಮೂರು ಷರತ್ತು ದಾಟಬೇಕು. 2023ರ ಅಕ್ಟೋಬರ್ 16ರಿಂದ ಆಸ್ತಿಯ ಬೆಲೆ ಕನಿಷ್ಠ 2 ಲಕ್ಷ ಡಾಲರ್ ಇರಬೇಕು. ಆ ಬೆಲೆ ಹಕ್ಕುಪತ್ರದಲ್ಲಿ (ಅಲ್ಲಿ ‘ತಪು’ ಎನ್ನುತ್ತಾರೆ) ಹಾಗೂ ಅಧಿಕೃತ ಮೌಲ್ಯಮಾಪನ ವರದಿಯಲ್ಲಿ ಕಾಣಬೇಕು. ತೆರಿಗೆ ಉಳಿಸಲು ಕಡಿಮೆ ಬೆಲೆ ಬರೆಸಿದರೆ ಪರವಾನಗಿಯೂ ಹೋಯಿತು. ಮೂರನೆಯದು ಬಡಾವಣೆ. ವಿದೇಶಿಯರ ಸಂಖ್ಯೆ 20% ಮೀರಿದ ಬಡಾವಣೆಗಳನ್ನು 2022ರ ಜುಲೈನಿಂದ ಹೊಸ ನೋಂದಣಿಗೆ ಮುಚ್ಚಿದ್ದಾರೆ, ಅಂಥವು ಸಾವಿರಕ್ಕೂ ಹೆಚ್ಚು. ಮುಂಗಡ ಕೊಡುವ ಮೊದಲು ವಲಸೆ ಇಲಾಖೆಯ ಪಟ್ಟಿ ನೋಡಲೇಬೇಕು. ಬಾಡಿಗೆ ಮನೆ ತೋರಿಸಿ ಕೇಳುವ ಪ್ರವಾಸಿ ಪರವಾನಗಿಯನ್ನು ನಂಬಿ ಸಾಮಾನು ಸಾಗಿಸಬೇಡಿ, ಈಗ ಅದು ತಿರಸ್ಕೃತವಾಗುವುದೇ ಹೆಚ್ಚು.

ಪ್ರಶ್ನೆ: ಥಾಯ್ಲೆಂಡಿನ 5 ವರ್ಷದ ವೀಸಾ ನಿಜವೇ?

ನಿಜ. 2024ರ ಜುಲೈನಲ್ಲಿ ಬಂದ ‘ಡಿ.ಟಿ.ವಿ.’ (ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ) 5 ವರ್ಷಕ್ಕೆ, ಪ್ರತಿ ಪ್ರವೇಶಕ್ಕೆ 180 ದಿನ. 5 ಲಕ್ಷ ಬಾತ್ ಉಳಿತಾಯ, ದೂರದ ಕೆಲಸದ ಪುರಾವೆ, 20 ವರ್ಷ ತುಂಬಿರಬೇಕು. ಥಾಯ್ಲೆಂಡಿನ ಹೊರಗಿದ್ದೇ ಅರ್ಜಿ ಹಾಕಬೇಕು. ಇದು ಎಷ್ಟು ವರ್ಷವಾದರೂ ಕಾಯಂ ವಾಸಕ್ಕೆ ದಾರಿಯಾಗುವುದಿಲ್ಲ. ವರ್ಷದಲ್ಲಿ 180 ದಿನ ಇದ್ದರೆ ತೆರಿಗೆ ನಿವಾಸಿಯಾಗುತ್ತಾರೆ, ಹೊರಗಿನಿಂದ ತಂದ ಆದಾಯವೂ 2024ರಿಂದ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ಮದುವೆ ರಷ್ಯನ್ ಯುವತಿಯ ಜೊತೆ ಆಗಿದೆ. ಆಕೆ ಇ-ಟೂರಿಸ್ಟ್ ವೀಸಾದಲ್ಲಿ ಭಾರತಕ್ಕೆ ಬಂದಿದ್ದಾಳೆ. ಇಲ್ಲೇ ಇರಲು ಏನು ಮಾಡಬೇಕು?

ಇ-ಟೂರಿಸ್ಟ್ ವೀಸಾ 5 ವರ್ಷದ್ದಾದರೂ ರಷ್ಯನ್ನರು ಒಮ್ಮೆಗೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಸಾಮಾನ್ಯವಾಗಿ ಪ್ರವಾಸಿ ವೀಸಾವನ್ನು ಬೇರೆಯದಕ್ಕೆ ಬದಲಾಯಿಸುವುದಿಲ್ಲ, ಆದರೆ ಭಾರತೀಯರನ್ನು ಮದುವೆಯಾದವರಿಗೆ ವಿನಾಯಿತಿ ಇದೆ: ಎಫ್.ಆರ್.ಆರ್.ಒ. (ವಿದೇಶಿಯರ ನೋಂದಣಿ ಕಚೇರಿ) ಪೋರ್ಟಲ್‌ನಲ್ಲಿ ‘ಎಕ್ಸ್’ ವೀಸಾಕ್ಕೆ, ಅಂದರೆ ಎಂಟ್ರಿ ವೀಸಾಕ್ಕೆ, ಪರಿವರ್ತನೆ ಕೇಳಿ. ವಿವಾಹ ನೋಂದಣಿ ಪತ್ರ, ನಿಮ್ಮ ಪಾಸ್‌ಪೋರ್ಟ್, ವಿಳಾಸದ ಪುರಾವೆ, ಆಕೆ ನಿಮ್ಮ ಮನೆಯಲ್ಲಿರುವ ಬಗ್ಗೆ ‘ಸಿ’ ನಮೂನೆ ಬೇಕು. ‘ಸಿ’ ನಮೂನೆ ಮನೆಯವರು 24 ಗಂಟೆಯೊಳಗೆ ತುಂಬಬೇಕಾದದ್ದು. ಬಹಳ ಮಂದಿಗೆ ಇದು ಹೋಟೆಲಿಗೆ ಮಾತ್ರ ಎಂಬ ತಪ್ಪು ಕಲ್ಪನೆ ಇದೆ. ಮದುವೆ ನೋಂದಣಿಯಾಗಿ 2 ವರ್ಷ ತುಂಬಿದ ಮೇಲೆ ಒ.ಸಿ.ಐ. (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್‌ಗೆ ಅರ್ಜಿ ಹಾಕಬಹುದು. ಆ 2 ವರ್ಷ ಎಣಿಸುವುದು ನೋಂದಣಿಯ ದಿನದಿಂದ, ಶಾಸ್ತ್ರದ ದಿನದಿಂದಲ್ಲ. ಆದ್ದರಿಂದ ನೋಂದಣಿಯನ್ನು ಮುಂದೂಡಬೇಡಿ.

ಪ್ರಶ್ನೆ: ಹಣ ಹೇಗೆ ತೋರಿಸುವುದು? ರಷ್ಯನ್ ಕಾರ್ಡ್‌ಗಳು ಹೊರಗೆ ನಡೆಯುವುದಿಲ್ಲವಲ್ಲ.

ರಷ್ಯಾದಲ್ಲಿ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರ ಮಾರ್ಚ್‌ನಿಂದ ಹೊರದೇಶದಲ್ಲಿ ನಡೆಯುವುದಿಲ್ಲ, ನಿಜ. ಆದರೆ ಬ್ಯಾಂಕ್ ವಿವರಪಟ್ಟಿ ಪುರಾವೆಯಾಗಿ ಸಲ್ಲುವುದು ಬೇರೆ ವಿಷಯ. ನಿರ್ಬಂಧಕ್ಕೆ ಒಳಗಾದ ಬ್ಯಾಂಕಿನದಾದರೆ ಅನುಮಾನದಿಂದ ನೋಡುತ್ತಾರೆ, ಆ ಹಣ ಹೋಗುವ ದೇಶಕ್ಕೆ ತಲುಪುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ರಷ್ಯಾದಾಚೆ, ಉದಾಹರಣೆಗೆ ಕಜಕಸ್ತಾನದಲ್ಲಿ ಅಥವಾ ಅರ್ಮೇನಿಯಾದಲ್ಲಿ, ಖಾತೆ ತೆರೆದು 3ರಿಂದ 6 ತಿಂಗಳ ನಿಯಮಿತ ಜಮಾ ತೋರಿಸಿದರೆ ಆ ಪ್ರಶ್ನೆಯೇ ಬರುವುದಿಲ್ಲ. ಅರ್ಜಿಯ ಹಿಂದಿನ ವಾರ ಒಮ್ಮೆಲೆ ಬಂದ ದೊಡ್ಡ ಮೊತ್ತಕ್ಕೆ ಮಾತ್ರ ಮೂಲದ ಕಾಗದ ಬೇಕು: ಮನೆ ಮಾರಿದ್ದರೆ ಕ್ರಯಪತ್ರ, ಉಡುಗೊರೆಯಾದರೆ ದಾನಪತ್ರ.

ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಅಲ್ಲಿನ ಬ್ಯಾಂಕುಗಳು ರಷ್ಯನ್ ನಾಗರಿಕರಿಂದ 1 ಲಕ್ಷ ಯೂರೊ ಮೀರಿದ ಠೇವಣಿ ಪಡೆಯುವಂತಿಲ್ಲ. ಒಕ್ಕೂಟದ ಯಾವುದಾದರೂ ದೇಶದ ತಾತ್ಕಾಲಿಕ ಇಲ್ಲವೇ ಕಾಯಂ ವಾಸ ಪರವಾನಗಿ ಇರುವವರಿಗೆ ಇದು ಅನ್ವಯಿಸದು. ಹಾಗಾಗಿ ಮೊದಲು ಪರವಾನಗಿ, ಆಮೇಲೆ ದೊಡ್ಡ ಹಣದ ವರ್ಗಾವಣೆ.

ಪ್ರಶ್ನೆ: ಹೊರಗೆ ನೆಲೆಸಿದ ಮೇಲೆ ರಷ್ಯಾಕ್ಕೆ ಏನಾದರೂ ತಿಳಿಸಬೇಕೇ? ತೆರಿಗೆ ಅಲ್ಲೂ ಇದೆಯೇ?

ಬೇರೆ ದೇಶದ ಪೌರತ್ವ ಅಥವಾ ಕಾಯಂ ವಾಸದ ಹಕ್ಕು ಸಿಕ್ಕರೆ 60 ದಿನದೊಳಗೆ ತಿಳಿಸಬೇಕು, ಹೊರಗಿರುವವರು ದೂತಾವಾಸದ ಮೂಲಕ. ತಿಳಿಸದಿದ್ದರೆ ಕ್ರಿಮಿನಲ್ ಹೊಣೆ, 2 ಲಕ್ಷ ರೂಬಲ್‌ವರೆಗೆ ದಂಡ. ಡಿಜಿಟಲ್ ನೊಮ್ಯಾಡ್‌ನಂಥ ತಾತ್ಕಾಲಿಕ ಪರವಾನಗಿಗೆ ಇದು ಬೇಡ.

12 ತಿಂಗಳಲ್ಲಿ 183 ದಿನಕ್ಕಿಂತ ಕಡಿಮೆ ರಷ್ಯಾದಲ್ಲಿದ್ದವರು ಅಲ್ಲಿನ ತೆರಿಗೆ ನಿವಾಸಿಗಳಲ್ಲ, ಅವರ ಹಲವು ಬಗೆಯ ರಷ್ಯನ್ ಆದಾಯಕ್ಕೆ 30% ತೆರಿಗೆ. ರಷ್ಯನ್ ಕಂಪನಿಗೆ ದೂರದಿಂದ ಸಂಬಳಕ್ಕೆ ದುಡಿಯುವವರಿಗೆ ಮಾತ್ರ 2024ರಿಂದ ನಿವಾಸಿಗಳಷ್ಟೇ ದರ. 2025ರಲ್ಲಿ ಅದು ಏರುದರವಾಯಿತು: 24 ಲಕ್ಷ ರೂಬಲ್‌ವರೆಗೆ 13%, 50 ಲಕ್ಷದವರೆಗೆ 15%, ಗರಿಷ್ಠ 22%. ಬಹುಕಾಲ ತಮ್ಮ ಬಳಿಯಿದ್ದ ಮನೆಯನ್ನು ಮಾರುವವರು 30% ಎಂದು ಹೆದರಿ ಅವಸರದಲ್ಲಿ ಮಾರುವುದುಂಟು. ಅದರ ಅಗತ್ಯವಿಲ್ಲ, ಕನಿಷ್ಠ ಒಡೆತನದ ಅವಧಿ (ಸಾಮಾನ್ಯವಾಗಿ 5 ವರ್ಷ, ಕೆಲವು ಸಂದರ್ಭಗಳಲ್ಲಿ 3) ಮುಗಿದಿದ್ದರೆ 2019ರಿಂದ ಅನಿವಾಸಿಗಳಿಗೂ ಆ ಮಾರಾಟಕ್ಕೆ ತೆರಿಗೆ ಇಲ್ಲ.